ಸೈರನ್ ಹಾಕದ ಟ್ರಿಪ್‌ಗಳು: ಖಾಸಗಿ ಆಂಬ್ಯುಲೆನ್ಸ್ ಕೆಲಸದಲ್ಲಿ ನೆಮ್ಮದಿಯೂ ಬಡ್ತಿಯೂ

ನಾನು ಆಗ ಡ್ರೈವರ್. ಬೆಂಗಳೂರಿನ ಆಸ್ಪತ್ರೆಯೊಂದರಿಂದ ರಾಯಚೂರು ಕಡೆಯ ಹಳ್ಳಿಗೆ ಒಬ್ಬ ಅಜ್ಜನನ್ನು ಕರೆದುಕೊಂಡು ಹೊರಟಿದ್ದೆ. ಕ್ಯಾನ್ಸರ್. ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರ್ ಹೇಳಿದ್ದರು. 400 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಸೈರನ್ ಹಾಕಲಿಲ್ಲ. ಹಂಪ್ ಕಂಡ ಕಡೆಯೆಲ್ಲ ಪೂರ್ತಿ ನಿಧಾನ ಮಾಡಿದೆ, ಯಾಕೆಂದರೆ ಪ್ರತಿ ಕುಲುಕಿಗೂ ಹಿಂದಿನಿಂದ ನರಳುವ ಸದ್ದು ಬರುತ್ತಿತ್ತು. ಬೆಳಗಿನ ಜಾವ ಊರಿನ ಅಗಸಿ ದಾಟುವಾಗ ಅಜ್ಜ ಕಣ್ಣು ಬಿಟ್ಟು, "ಊರು ಬಂತೇನಪಾ?" ಅಂದರು. "ಬಂತ್ರಿ ಯಜಮಾನ್ರ" ಅಂದೆ. ವಾಪಸ್ ಹೊರಡುವಾಗ ಅವರ ಮಗಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, "ದಾರ್ಯಾಗ ಉಣ್ರಿ ಅಣ್ಣಾರ" ಅಂದರು.

ಅಲ್ಲಿಯವರೆಗೆ ಈ ಕೆಲಸ ಬಿಟ್ಟು ಕ್ಯಾಬ್ ಓಡಿಸೋಣ ಅಂದುಕೊಂಡಿದ್ದೆ. ಆ ಟ್ರಿಪ್ ಆದ ಮೇಲೆ ಬಿಡಲಿಲ್ಲ. ಡ್ರೈವರ್ ಆಗಿದ್ದವನು ಇಎಂಟಿ ಆದೆ, ಅಂದರೆ ಗಾಡಿಯಲ್ಲಿ ಪೇಷಂಟ್ ಆರೈಕೆ ಮಾಡುವ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ಈಗ ಹೊಸಬರಿಗೆ ಕೆಲಸ ಕಲಿಸುತ್ತಿದ್ದೇನೆ. ಹೊಸ ಹುಡುಗರು, ಹುಡುಗಿಯರು ಬಂದು ಕೇಳುವುದು ಎರಡೇ ಪ್ರಶ್ನೆ. "ಇದರಲ್ಲಿ ಏನಿದೆ ಅಣ್ಣಾ?" "ಇಲ್ಲಿಂದ ಮೇಲೆ ಹೋಗೋಕಾಗುತ್ತಾ?" ಎರಡಕ್ಕೂ ನನಗೆ ಗೊತ್ತಿರುವ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ಕೆಲಸ ಯಾವುದು ಅಂತ ಮೊದಲು ನೋಡಿಕೊಳ್ಳಿ

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾದದ್ದು 2008ರಲ್ಲಿ. ರಸ್ತೆ ಅಪಘಾತ, ಹೆರಿಗೆ, ಹಾವು ಕಚ್ಚಿದ್ದು, ಇಂಥ ಕರೆಗಳು ಹೆಚ್ಚಾಗಿ ಅಲ್ಲಿಗೆ ಹೋಗುತ್ತವೆ. ಖಾಸಗಿ ಗಾಡಿಗೆ ಬರುವ ಕೇಸ್‌ಗಳು ಬೇರೆ ತರಹ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಶಿಫ್ಟಿಂಗ್, ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುವುದು, ಸ್ಕ್ಯಾನಿಂಗ್, ಡಿಸ್ಚಾರ್ಜ್, ಊರಿಗೆ ಶವ ತಲುಪಿಸುವುದು. ನಿಜವಾದ ಎಮರ್ಜೆನ್ಸಿ ಇದೆ, ಆದರೆ ಕಡಿಮೆ.

ಟಿವಿಯಲ್ಲಿ ನೋಡಿದ ಆಂಬ್ಯುಲೆನ್ಸ್ ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಆರು ತಿಂಗಳಲ್ಲಿ ಬೇಜಾರಾಗುವುದು ಇದಕ್ಕೇ. "ಸುಮ್ನೆ ಪೇಷಂಟ್ ಸಾಗಿಸೋದು" ಅನ್ನುತ್ತಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಅಮ್ಮನಿಗೆ ನೀವು ಹೊರ ಪ್ರಪಂಚದಿಂದ ಬರುವ ಒಬ್ಬರೇ ಮನುಷ್ಯ ಆಗಿರಬಹುದು. ಮೂರನೇ ವಾರ ಅವರ ಕಾಲು ಜಾಸ್ತಿ ಊದಿರುವುದನ್ನು, ಮಾತಾಡುವಾಗ ಉಸಿರು ಕಟ್ಟುವುದನ್ನು ಮೊದಲು ಗಮನಿಸುವವರೂ ನೀವೇ ಆಗಬಹುದು. ಅದನ್ನು ಗಮನಿಸಿ ಡಯಾಲಿಸಿಸ್ ಸಿಸ್ಟರ್‌ಗೆ ಹೇಳಿದಿರಾ? ನೀವು ಮಾಡಿದ್ದು ವೈದ್ಯಕೀಯ ಕೆಲಸ.

ಗಾಡಿಯನ್ನೂ ಸರಿಯಾಗಿ ತಿಳಿದುಕೊಳ್ಳಿ. ಎಐಎಸ್-125 ಅನ್ನುವ ಮಾನದಂಡದಲ್ಲಿ ಆಂಬ್ಯುಲೆನ್ಸ್‌ಗಳು ನಾಲ್ಕು ಬಗೆ. ಎ ಅಂದರೆ ಮೊದಲು ತಲುಪಿ ಆರೈಕೆ ಮಾಡುವ ಗಾಡಿ. ಬಿ ಅಂದರೆ ಪೇಷಂಟ್ ಸಾಗಿಸುವುದಕ್ಕೆ ಮಾತ್ರ. ಸಿ ಅಂದರೆ ಬೇಸಿಕ್ ಲೈಫ್ ಸಪೋರ್ಟ್. ಡಿ ಅಂದರೆ ಅಡ್ವಾನ್ಸ್ಡ್ ಲೈಫ್ ಸಪೋರ್ಟ್, ನಮ್ಮವರು ಐಸಿಯು ಗಾಡಿ ಅನ್ನುವುದು. ನೀವಿರುವುದು ಬಿ ಗಾಡಿಯಲ್ಲಾದರೆ ವೆಂಟಿಲೇಟರ್ ಪೇಷಂಟ್ ಹತ್ತಿಸಬೇಡಿ, ಮಾಲೀಕರು ಹೇಳಿದರೂ ಸರಿ. ಸಿ ಮತ್ತು ಡಿ ಗಾಡಿಗೆ ಹೋಗುವ ಅವಕಾಶ ಇದ್ದರೆ, ಸಂಬಳ ಮೊದಮೊದಲು ಅಷ್ಟೇ ಇದ್ದರೂ ಹೋಗಿ. ಕಲಿಯುವುದು ಅಲ್ಲೇ ಜಾಸ್ತಿ.

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರತಿ ಕೇಸ್ ಆದ ಮೇಲೆ ಐದು ಸಾಲು ಬರೆಯಿರಿ. ದಿನ, ಎಲ್ಲಿಂದ ಎಲ್ಲಿಗೆ, ಏನು ತೊಂದರೆ, ಗಾಡಿಯಲ್ಲಿ ಏನು ಮಾಡಿದಿರಿ, ಏನು ಗೊತ್ತಾಗಲಿಲ್ಲ. ಪೇಷಂಟ್ ಹೆಸರು, ಫೋನ್ ನಂಬರ್, ವಿಳಾಸ ಬರೆಯಲೇಬೇಡಿ. ಅದು ಅವರ ಖಾಸಗಿ ವಿಷಯ. "ಸುಮಾರು 60, ಹೆಂಗಸು" ಅಷ್ಟು ಸಾಕು.

ಕೊನೆಯ ಸಾಲು, "ಏನು ಗೊತ್ತಾಗಲಿಲ್ಲ" ಅನ್ನುವುದು, ಎಲ್ಲಕ್ಕಿಂತ ಮುಖ್ಯ. ಮಾನಿಟರ್‌ನಲ್ಲಿ ಯಾವ ಅಲಾರಂ ಯಾಕೆ ಹೊಡೆಯಿತು? ಡ್ರಿಪ್ ಯಾಕೆ ಅಷ್ಟು ನಿಧಾನ ಇಡಿ ಅಂದರು? ಬರೆದಿಟ್ಟುಕೊಂಡು ಮುಂದಿನ ಸಲ ಕ್ಯಾಶುವಾಲ್ಟಿ ಖಾಲಿ ಇದ್ದಾಗ ಸಿಸ್ಟರ್ ಅಥವಾ ಡ್ಯೂಟಿ ಡಾಕ್ಟರನ್ನು ಕೇಳಿ. "ಮೇಡಂ, ಹೋದ ವಾರ ಹೀಗಾಯ್ತು, ಯಾಕೆ?" ಅಂತ ಕೇಳಿದ ಡ್ರೈವರನ್ನು ಯಾರೂ ಮರೆಯುವುದಿಲ್ಲ. ನನಗೆ ಇಸಿಜಿ ಓದುವುದರ ಮೊದಲ ಪಾಠ ಹೇಳಿಕೊಟ್ಟದ್ದು ರಾತ್ರಿ ಪಾಳಿಯ ಒಬ್ಬ ಸಿಸ್ಟರ್, ಟೀ ಕಪ್ ಪಕ್ಕಕ್ಕಿಟ್ಟು, ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು.

ಎರಡು ವರ್ಷ ಬರೆದ ಮೇಲೆ ನಿಮ್ಮ ಕೈಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಲೆಕ್ಕ ಇರುತ್ತದೆ. ಎಷ್ಟು ವೆಂಟಿಲೇಟರ್ ಶಿಫ್ಟಿಂಗ್, ಎಷ್ಟು ಸ್ಟ್ರೋಕ್, ಎಷ್ಟು ಚಿಕ್ಕ ಮಕ್ಕಳು. ಸಂಬಳ ಕೇಳುವಾಗ, ಬೇರೆ ಕಡೆ ಕೆಲಸಕ್ಕೆ ಹೋಗುವಾಗ ಇದೇ ಮಾತಾಡುತ್ತದೆ.

ಹೆಜ್ಜೆ 3: ಕೈಕೆಲಸ ಗಟ್ಟಿ ಮಾಡಿಕೊಳ್ಳಿ

ಆಕ್ಸಿಜನ್ ಲೆಕ್ಕದಿಂದ ಶುರು ಮಾಡಿ. ಎಷ್ಟೋ ವರ್ಷ ಕೆಲಸ ಮಾಡಿದವರೂ ಇದನ್ನು ಅಂದಾಜಿನ ಮೇಲೆ ಬಿಡುತ್ತಾರೆ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1,500 ಲೀಟರ್. ಜಂಬೋ, ಅಂದರೆ ಡಿ ಟೈಪ್, ಸುಮಾರು 7,000 ಲೀಟರ್. ಬಿ ಟೈಪ್‌ಗೆ ಸುಲಭ ದಾರಿ: ಗೇಜ್‌ನಲ್ಲಿ ಬಾರ್ ಲೆಕ್ಕದಲ್ಲಿ ಕಾಣುವ ಪ್ರೆಶರನ್ನು 10ರಿಂದ ಗುಣಿಸಿ. ಗೇಜ್ 100 ತೋರಿಸಿದರೆ ಉಳಿದಿರುವುದು ಸುಮಾರು 1,000 ಲೀಟರ್. ನಿಮಿಷಕ್ಕೆ 8 ಲೀಟರ್ ಹೋಗುತ್ತಿದ್ದರೆ 125 ನಿಮಿಷ, ಎರಡು ಗಂಟೆ ಚಿಲ್ಲರೆ.

ಈಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಕೇಸ್ ಅಂದುಕೊಳ್ಳಿ. ಏಳು ಗಂಟೆ ದಾರಿ, ನಿಮಿಷಕ್ಕೆ 8 ಲೀಟರ್. ಏಳು ಗಂಟೆ ಅಂದರೆ 420 ನಿಮಿಷ, 3,360 ಲೀಟರ್ ಬೇಕು. ತುಂಬಿದ ಎರಡು ಬಿ ಟೈಪ್ ಇಟ್ಟುಕೊಂಡು ಹೊರಟವನಿಗೆ ಸಿಗುವುದು 3,000. ಆಕ್ಸಿಜನ್ ಮುಗಿಯುವುದು ತುಮಕೂರು ದಾಟಿದ ಮೇಲೆ, ನಗರದ ಟ್ರಾಫಿಕ್ ಶುರುವಾಗುವ ಹೊತ್ತಿಗೆ. ಹಾಗಾಗಿ ಲೆಕ್ಕ ಹಾಕಿದ್ದರ ಒಂದೂವರೆ ಪಟ್ಟು ಇಲ್ಲದೆ ದೂರದ ಟ್ರಿಪ್‌ಗೆ ಗಾಡಿ ತೆಗೆಯಬೇಡಿ. ವೆಂಟಿಲೇಟರ್ ಇದ್ದರೆ ಇನ್ನೂ ಜಾಸ್ತಿ ಬೇಕಾಗಬಹುದು, ಆ ಮೆಷಿನ್ ತಾನು ನಡೆಯುವುದಕ್ಕೂ ಆಕ್ಸಿಜನ್ ಬಳಸುವಂಥದ್ದಾಗಿರಬಹುದು. ಹೊರಡುವ ಮೊದಲೇ ಕೇಳಿಕೊಳ್ಳಿ.

ಪಾಳಿ ಶುರುವಾದ ತಕ್ಷಣ ಹತ್ತು ನಿಮಿಷ ಗಾಡಿ ನೋಡಿ. ಬಾಯಿ, ಗಂಟಲಿನ ಕಫ ಎಳೆಯುವ ಸಕ್ಷನ್ ಮೆಷಿನ್ ಆನ್ ಮಾಡಿ ಬೆರಳಿಟ್ಟು ನೋಡಿ, ಎಳೆಯಬೇಕು. ಮಾನಿಟರ್ ಚಾರ್ಜ್. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್‌ನ ಬಲ್ಬ್. ಗ್ಲುಕೋಮೀಟರ್ ಸ್ಟ್ರಿಪ್‌ನ ತಾರೀಖು. ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್‌ಗೆ ಮಕ್ಕಳ ಸೈಜಿನ ಮಾಸ್ಕ್ ಇದೆಯಾ? ಸ್ಟೆಪ್ನಿಯಲ್ಲಿ ಗಾಳಿ ಇದೆಯಾ? "ನಿನ್ನೆ ಶಿಫ್ಟ್‌ನವರು ನೋಡಿರ್ತಾರೆ" ಅನ್ನುವ ಮಾತನ್ನು ಬಿಟ್ಟುಬಿಡಿ.

ಎತ್ತುವುದು, ಇಳಿಸುವುದು. ಬೆಂಗಳೂರಿನ ಹಳೆಯ ಬಿಲ್ಡಿಂಗ್‌ಗಳಲ್ಲಿ ಲಿಫ್ಟ್‌ಗೆ ಸ್ಟ್ರೆಚರ್ ಹಿಡಿಸುವುದಿಲ್ಲ. ಮೂರನೇ ಮಹಡಿಯಿಂದ 90 ಕೆಜಿ ಮನುಷ್ಯನನ್ನು ಇಳಿಸಬೇಕು. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ, ಒಬ್ಬರೇ ಲೆಕ್ಕ ಹೇಳಿ. ಮೆಟ್ಟಿಲು ಇಳಿಯುವಾಗ ಪೇಷಂಟ್ ಕಾಲು ಮುಂದೆ, ಗಾಡಿಗೆ ಹತ್ತಿಸುವಾಗ ತಲೆ ಮುಂದೆ. ಜನ ಸಾಲದಿದ್ದರೆ ಕೆಳಗಿನ ಅಂಗಡಿಯವರನ್ನು ಕರೆಯಿರಿ, ನಾಚಿಕೆ ಬೇಡ. ಈ ಕೆಲಸ ಬಿಟ್ಟವರಲ್ಲಿ ನನಗೆ ಗೊತ್ತಿರುವ ಎಷ್ಟೋ ಜನ ಬಿಟ್ಟದ್ದು ಸೊಂಟ ನೋವಿಗೆ.

ಇನ್ನು ಕ್ಯಾಶುವಾಲ್ಟಿಯಲ್ಲಿ ಕೇಸ್ ಒಪ್ಪಿಸುವುದು. ನಿಮ್ಮನ್ನು ಡಾಕ್ಟರ್‌ಗಳು ಅಳೆಯುವುದು ಆ ಅರ್ಧ ನಿಮಿಷದಲ್ಲಿ. ಹೀಗೆ ಹೇಳಿ ಅಭ್ಯಾಸ ಮಾಡಿ: "ಗಂಡಸು, 55. ಬೆಳಗ್ಗೆ 6:40ರವರೆಗೆ ಸರಿಯಿದ್ದರು. ಆಮೇಲೆ ಬಲಗೈ ಬಲಗಾಲಿಗೆ ಶಕ್ತಿ ಇಲ್ಲ, ಮಾತು ತೊದಲುತ್ತಿದೆ. ಬಿಪಿ 180/100, ಶುಗರ್ 142, ಸ್ಯಾಚುರೇಷನ್ 96. ಪ್ರಜ್ಞೆ ಇದೆ. ಬಾಯಿಗೆ ಏನೂ ಕೊಟ್ಟಿಲ್ಲ. ಶುಗರ್ ಮಾತ್ರೆ ತಗೊಳ್ತಾರೆ." ಆ "6:40ರವರೆಗೆ ಸರಿಯಿದ್ದರು" ಅನ್ನುವುದೇ ಇಲ್ಲಿ ಜೀವಾಳ. ಸ್ಟ್ರೋಕ್‌ನಲ್ಲಿ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ಪೇಷಂಟ್ ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ. ಮನೆಯವರು ಗಾಬರಿಯಲ್ಲಿ "ಬೆಳಗ್ಗೆಯಿಂದ" ಅಂದುಬಿಡುತ್ತಾರೆ. ಗಾಡಿಯಲ್ಲೇ ಕೂತು ನಿಧಾನವಾಗಿ ಕೇಳಿ, "ಅಮ್ಮಾ, ಹಾಲು ತರೋಕೆ ಹೋಗಿದ್ರಾ? ಆಗ ಮಾತಾಡಿದ್ರಾ?" ನೀವು ಕೇಳದಿದ್ದರೆ ಆ ಸಮಯ ಯಾರಿಗೂ ಸಿಗುವುದಿಲ್ಲ.

ಹೆಜ್ಜೆ 4: ಕಾಗದ ಮಾಡಿಸಿಕೊಳ್ಳಿ

ಕೈಕೆಲಸ ಎಷ್ಟೇ ಇರಲಿ, ಒಂದು ಹಂತದ ಮೇಲೆ ಸರ್ಟಿಫಿಕೇಟ್ ಇಲ್ಲದೆ ಬಾಗಿಲು ತೆರೆಯುವುದಿಲ್ಲ.

ಮೊದಲನೆಯದು ಬಿಎಲ್ಎಸ್, ಅಂದರೆ ಬೇಸಿಕ್ ಲೈಫ್ ಸಪೋರ್ಟ್. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಈ ಕೋರ್ಸ್ ಸಾಮಾನ್ಯವಾಗಿ ಒಂದೇ ದಿನದ್ದು, ದೊಡ್ಡ ಆಸ್ಪತ್ರೆಗಳ ತರಬೇತಿ ಕೇಂದ್ರಗಳಲ್ಲಿ ನಡೆಯುತ್ತದೆ. ಕಾರ್ಡ್ ಎರಡು ವರ್ಷ ನಡೆಯುತ್ತದೆ. ಡ್ರೈವರ್‌ಗಳೂ ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, ಎದೆಯನ್ನು ಕನಿಷ್ಠ 5 ಸೆಂ.ಮೀ. ಒತ್ತುವುದು ಓದಿದರೆ ಬರುವುದಲ್ಲ, ಗೊಂಬೆಯ ಮೇಲೆ ಕೈ ನೋಯುವಷ್ಟು ಒತ್ತಿದರೆ ಬರುತ್ತದೆ.

ಆಮೇಲೆ ಇಎಂಟಿ ಬೇಸಿಕ್. ಇದಕ್ಕೆ ಸಾಮಾನ್ಯವಾಗಿ ಪಿಯುಸಿ ಕೇಳುತ್ತಾರೆ. ಎಸ್ಸೆಸ್ಸೆಲ್ಸಿಗೆ ನಿಂತವರು ಎನ್ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಕೆಲಸ ಮಾಡುತ್ತಲೇ ಪಿಯುಸಿಗೆ ಸಮನಾದ ಪರೀಕ್ಷೆ ಬರೆಯಬಹುದು. ಪಿಯುಸಿ ಸೈನ್ಸ್ ಮಾಡಿದ ತಮ್ಮ ತಂಗಿಯರಿಗೆ ಇನ್ನೂ ಒಳ್ಳೆಯ ದಾರಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಮರ್ಜೆನ್ಸಿ ಮತ್ತು ಟ್ರಾಮಾ ಕೇರ್‌ನಲ್ಲಿ ಬಿಎಸ್ಸಿ ಇದೆ. 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾನೂನಿನ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಅನ್ನುವುದು ಒಂದು ವೃತ್ತಿ ಅಂತ ಸೇರಿದೆ. ಅಂದರೆ ಮುಂದಿನ ದಿನಗಳಲ್ಲಿ ಗುರುತಿಸಿದ ಕೋರ್ಸ್ ಮತ್ತು ನೋಂದಣಿ ಇದ್ದವರಿಗೇ ಬೆಲೆ ಜಾಸ್ತಿ. ಮೂರು ತಿಂಗಳಲ್ಲಿ "ಪ್ಯಾರಾಮೆಡಿಕ್ ಡಿಗ್ರಿ" ಕೊಡುತ್ತೇವೆ ಅನ್ನುವ ಬೋರ್ಡ್ ಕಂಡರೆ ಹಣ ಕಟ್ಟಬೇಡಿ. ಪರೀಕ್ಷೆ ಯಾರು ಮಾಡುತ್ತಾರೆ, ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಈ ಎರಡು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಹೆಜ್ಜೆ 5: ಕಮಿಷನ್‌ಗೆ ಕೈ ಚಾಚಬೇಡಿ

ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ನಾನು ಹೊಸಬನಾಗಿದ್ದಾಗ ಒಂದು ನರ್ಸಿಂಗ್ ಹೋಮ್‌ನವರು ನನ್ನನ್ನು ಪಕ್ಕಕ್ಕೆ ಕರೆದು, ಪೇಷಂಟ್ ತಂದರೆ ಇಷ್ಟು ಅಂತ ಹೇಳಿದ್ದರು. ಜೊತೆಗಿದ್ದ ಹಿರಿಯ ಡ್ರೈವರ್ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಬಂದು ಒಂದೇ ಮಾತು ಹೇಳಿದರು: "ತಮ್ಮಾ, ಎದೆ ನೋವು ಅಂದವನನ್ನ ಕ್ಯಾಥ್ ಲ್ಯಾಬ್ ಇಲ್ಲದ ಕಡೆ ಇಳಿಸಿದ್ರೆ ಆ ದುಡ್ಡಲ್ಲಿ ಅನ್ನ ಇಳಿಯಲ್ಲ." ಕ್ಯಾಥ್ ಲ್ಯಾಬ್ ಅಂದರೆ ಹೃದಯದ ರಕ್ತನಾಳದ ಬ್ಲಾಕ್ ತೆಗೆಯುವ ಕೋಣೆ.

ಕಮಿಷನ್ ತಿಂದವರು ಕೆಲಸ ಮಾಡುತ್ತಲೇ ಇರುತ್ತಾರೆ, ದುಡ್ಡೂ ಕಾಣುತ್ತಾರೆ. ಆದರೆ ಒಳ್ಳೆಯ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ ಅವರನ್ನು ಒಳಗೆ ಸೇರಿಸುವುದನ್ನು ನಾನು ನೋಡಿಲ್ಲ. ಯಾರು ಎಲ್ಲಿಗೆ ಯಾಕೆ ತರುತ್ತಾರೆ ಅನ್ನುವುದು ಕ್ಯಾಶುವಾಲ್ಟಿಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಮನೆಯವರಿಗೆ ದಾರಿ ತೋರಿಸುವಾಗ ಎರಡು ಆಸ್ಪತ್ರೆ ಹೆಸರು ಹೇಳಿ, ಒಂದು ಸರ್ಕಾರಿ ಇರಲಿ. ಹೃದಯದ್ದಾದರೆ ಜಯದೇವ, ತಲೆಗೆ ಪೆಟ್ಟಾದರೆ ನಿಮ್ಹಾನ್ಸ್ ಇರುವುದು ಎಷ್ಟೋ ಹಳ್ಳಿಯವರಿಗೆ ಗೊತ್ತಿರುವುದಿಲ್ಲ. ಬಾಡಿಗೆ ಎಷ್ಟು ಅಂತ ಹೊರಡುವ ಮೊದಲೇ ಹೇಳಿ. ಅರ್ಧ ದಾರಿಯಲ್ಲಿ ಜಾಸ್ತಿ ಕೇಳುವುದು ಮಹಾಪಾಪ.

ಸೈರನ್ನೂ ಇದೇ ಲೆಕ್ಕ. ಆಂಬ್ಯುಲೆನ್ಸ್‌ಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಸೆಕ್ಷನ್‌ನಲ್ಲಿ 10,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಜನ ನಮಗೆ ಕೊಟ್ಟಿರುವ ದೊಡ್ಡ ನಂಬಿಕೆ ಅದು. ಖಾಲಿ ಗಾಡಿಗೆ ಸೈರನ್ ಹಾಕಿದಾಗಲೆಲ್ಲ ಅದು ಸ್ವಲ್ಪ ಸವೆಯುತ್ತದೆ. 2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ ಜಯದೇವಕ್ಕೆ 40 ದಿನದ ಮಗುವನ್ನು ಝೀರೋ ಟ್ರಾಫಿಕ್‌ನಲ್ಲಿ ನಾಲ್ಕೂವರೆ ಗಂಟೆಯೊಳಗೆ ತಂದದ್ದು ನಿಮಗೆ ನೆನಪಿರಬಹುದು. ಆ ವೇಗದ ಹಿಂದೆ ದಾರಿಯುದ್ದಕ್ಕೂ ನಿಂತ ಪೊಲೀಸರು, ಊರೂರಿನ ಜನ ಇದ್ದರು. ಮಾಮೂಲಿ ದಿನ ಶಿರಾಡಿ ಘಾಟಿಯಲ್ಲಿ ಒಬ್ಬರೇ ಆ ವೇಗ ಹಿಡಿದರೆ ಪೇಷಂಟ್ ಜೊತೆ ನೀವೂ ಹೋಗುತ್ತೀರಿ.

ಹೆಜ್ಜೆ 6: ನಿಮ್ಮ ಮೈ, ನಿಮ್ಮ ಮನಸ್ಸು

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್. ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕಂಪನಿ ಕೊಡಿಸದಿದ್ದರೆ ನಿಮ್ಮ ದುಡ್ಡಲ್ಲೇ ಹಾಕಿಸಿಕೊಳ್ಳಿ. ಬಳಸಿದ ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ಆಗಲೇ ಡಾಕ್ಟರ್ ಹತ್ತಿರ ಹೋಗಿ. ಎಚ್ಐವಿ ತಡೆಯುವ ಔಷಧ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು.

ನಿದ್ದೆ ಬಗ್ಗೆ ಕಟ್ಟುನಿಟ್ಟಾಗಿರಿ. ರಾತ್ರಿ ಪಾಳಿ ಮುಗಿಸಿದವನಿಗೆ "ಒಂದು ಚಿಕ್ಕ ಟ್ರಿಪ್, ಹಾಸನ ಅಷ್ಟೇ" ಅಂದರೆ ಆಗಲ್ಲ ಅನ್ನಿ. ದೂರದ ಟ್ರಿಪ್‌ಗೆ ಇಬ್ಬರು ಡ್ರೈವರ್ ಕೇಳಿ.

ಮನಸ್ಸಿನದು ಹೇಳುವುದು ಕಷ್ಟ. ಗಾಡಿಯಲ್ಲಿ ಮಗು ತೀರಿಕೊಂಡ ದಿನ ಮನೆಗೆ ಹೋಗಿ ನನ್ನ ಮಗಳನ್ನು ಎತ್ತಿಕೊಳ್ಳಲು ನನಗೆ ಆಗಲಿಲ್ಲ. ಒಂದು ವಾರ ಹಾಗೇ ಇತ್ತು. ಜೊತೆಗಾರನ ಹತ್ತಿರ ಮಾತಾಡಿದ ಮೇಲೆ, ಅವನಿಗೂ ಹಾಗೇ ಆಗಿತ್ತು ಅಂತ ಗೊತ್ತಾಯಿತು. ಕುಡಿದು ಮರೆಯಲು ಹೋದವರನ್ನೂ ನೋಡಿದ್ದೇನೆ. ಅಂಥ ಕೇಸ್ ಆದ ದಿನ ಮನೆಗೆ ಹೋಗುವ ಮೊದಲು ಜೊತೆಯವರೊಂದಿಗೆ ಹತ್ತು ನಿಮಿಷ ಕೂತು ಏನಾಯಿತು ಅಂತ ಮಾತಾಡಿ. ನಿದ್ದೆ ಬಾರದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಹೆಜ್ಜೆ 7: ಸಂಬಳ ಕೇಳುವಾಗ

ಬರೀ ಕೈಗೆ ಬರುವ ದುಡ್ಡು ನೋಡಬೇಡಿ. ನೇಮಕಾತಿ ಪತ್ರ ಇದೆಯಾ? ಪಿಎಫ್ ಕಟ್ಟುತ್ತಾರಾ? ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್ಐ ಇದೆ, ಕಾರ್ಡ್ ಮಾಡಿಸಿದ್ದಾರಾ? ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಿದರೆ ಓವರ್‌ಟೈಮ್ ಹೇಗೆ? ಗಾಡಿ ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಚಾಲ್ತಿಯಲ್ಲಿವೆಯಾ? ಕೊನೆಯದನ್ನು ಬಹಳ ಜನ ಕೇಳುವುದಿಲ್ಲ. ಅಪಘಾತವಾದ ದಿನ ಸ್ಟೇಷನ್‌ನಲ್ಲಿ ಮೊದಲು ನಿಲ್ಲುವವರು ನೀವು. ಖಾಸಗಿ ವಾಣಿಜ್ಯ ವಾಹನಗಳ ಡ್ರೈವರ್‌ಗಳಿಗಾಗಿ ರಾಜ್ಯದಲ್ಲಿ 2024ರಲ್ಲಿ ಸಾಮಾಜಿಕ ಭದ್ರತೆಯ ಕಾನೂನು ಬಂದಿದೆ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ನೋಂದಣಿ ಬಗ್ಗೆ ವಿಚಾರಿಸಿ.

ಸಂಬಳ ಏರಿಸಿ ಅಂತ ಸುಮ್ನೆ ಕೇಳಬೇಡಿ. ನೋಟ್‌ಬುಕ್ ತೆಗೆದು ಆರು ತಿಂಗಳ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. "ಇಷ್ಟು ವೆಂಟಿಲೇಟರ್ ಕೇಸ್ ಮಾಡಿದ್ದೇನೆ, ಬಿಎಲ್ಎಸ್ ಆಗಿದೆ, ಒಂದು ದೂರೂ ಇಲ್ಲ." ಒಂದು ವರ್ಷದಲ್ಲಿ ಎರಡು ಸಲ ಕೇಳಿಯೂ ಏನೂ ಆಗದಿದ್ದರೆ ಕಂಪನಿ ಬದಲಿಸಿ. ಅನುಭವ ಪತ್ರ ತೆಗೆದುಕೊಳ್ಳದೆ ಮಾತ್ರ ಹೊರಡಬೇಡಿ.

ಹೆಜ್ಜೆ 8: ಮುಂದಿನ ದಾರಿಗಳು

ಮೇಲೆ ಹೋಗುವುದು ಅಂದರೆ ಒಂದೇ ಏಣಿ ಅಲ್ಲ. ಕೆಲವರಿಗೆ ಕಂಟ್ರೋಲ್ ರೂಂ ಒಗ್ಗುತ್ತದೆ, ಬೆನ್ನು ಸೋತವರಿಗಂತೂ ಒಳ್ಳೆಯದು. ಕೆಲವರು ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೇ ಸೇರುತ್ತಾರೆ. 500ಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೋಣೆ ಇರಬೇಕು ಅನ್ನುವ ನಿಯಮ ಹಿಂದಿನಿಂದ ಇದೆ. ಪೀಣ್ಯ, ಬಿಡದಿ, ತೋರಣಗಲ್ಲು ಕಡೆ ಇಂಥ ಕೆಲಸ ಹುಡುಕಿ, ಪಾಳಿ ಸಮಯ ಗಟ್ಟಿಯಾಗಿರುತ್ತದೆ. ರಾಷ್ಟ್ರೀಯ ಹೆದ್ದಾರಿಯ 1033 ಸಹಾಯವಾಣಿಯ ಗಾಡಿಗಳಿವೆ. ಬಿಎಲ್ಎಸ್ ಚೆನ್ನಾಗಿ ಬಂದವರು ಇನ್‌ಸ್ಟ್ರಕ್ಟರ್ ಆಗಬಹುದು. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಖುಷಿ ಕಲಿಸುವುದರಲ್ಲೇ.

ಕರಾವಳಿಯ ಹುಡುಗರು ಗಲ್ಫ್ ಬಗ್ಗೆ ಕೇಳುತ್ತಾರೆ. ಡ್ರೈವರ್ ಅಂತ ಹೋಗುವುದು ಬೇರೆ, ಇಎಂಟಿ ಅಂತ ಹೋಗುವುದು ಬೇರೆ. ಎರಡನೆಯದಕ್ಕೆ ಸರ್ಟಿಫಿಕೇಟ್‌ಗಳು ಅಸಲಿಯಾ ಅಂತ ನೋಡುವ ಡೇಟಾಫ್ಲೋ ಪರಿಶೀಲನೆ, ಕಂಪ್ಯೂಟರ್‌ನಲ್ಲಿ ಬರೆಯುವ ಪ್ರೊಮೆಟ್ರಿಕ್ ಪರೀಕ್ಷೆ ಇರುತ್ತವೆ. ಪರಿಶೀಲನೆ ಮಾಡುವವರು ನಿಮ್ಮ ಹಳೇ ಕಂಪನಿಯನ್ನೇ ಕೇಳುತ್ತಾರೆ. ಹಾಗಾಗಿ ಅನುಭವ ಪತ್ರದಲ್ಲಿ ತಾರೀಖು ಸರಿ ಇರಲಿ, ಪಾಸ್‌ಪೋರ್ಟ್‌ನಲ್ಲೂ ಮಾರ್ಕ್ಸ್ ಕಾರ್ಡ್‌ನಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ.

ಸ್ವಂತ ಗಾಡಿ ಹಾಕುವ ಆಸೆ ಇದ್ದವರಿಗೆ: ಮೊದಲು ಮೂರು ವರ್ಷ ಬೇರೆಯವರ ಗಾಡಿಯ ಡೀಸೆಲ್, ಟೈರ್, ಆಕ್ಸಿಜನ್, ರಿಪೇರಿ ಖರ್ಚು ನಿಮ್ಮ ನೋಟ್‌ಬುಕ್‌ನ ಹಿಂದಿನ ಹಾಳೆಗಳಲ್ಲಿ ಬರೆಯಿರಿ. ಗಾಡಿಯ ಆರ್‌ಸಿಯಲ್ಲಿ ಆಂಬ್ಯುಲೆನ್ಸ್ ಅಂತಲೇ ಇರಬೇಕು. ಹಳೇ ಓಮ್ನಿಗೆ ಲೈಟ್ ಹಾಕಿ ಓಡಿಸುವ ಯೋಚನೆ ಬೇಡ. ಇಎಂಐ ಕಟ್ಟಬೇಕಾದ ತಿಂಗಳು ಕೇಸ್ ಕಮ್ಮಿ ಬಂದರೆ ಕಮಿಷನ್ ಕಡೆ ಮನಸ್ಸು ಎಳೆಯುತ್ತದೆ, ನನ್ನ ಸ್ನೇಹಿತರಿಗೇ ಆಗಿದೆ. ಅದಕ್ಕೇ ಆರು ತಿಂಗಳ ಕಂತಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಶೋರೂಮ್‌ಗೆ ಹೋಗಿ. ಮೊದಲು ಒಂದು ಡಯಾಲಿಸಿಸ್ ಸೆಂಟರ್ ಜೊತೆ ಮಾತಾಡಿಕೊಳ್ಳಿ. ವಾರಕ್ಕೆ ಮೂರು ದಿನ, ಒಂದೇ ಹೊತ್ತಿಗೆ, ಅದೇ ಜನರನ್ನು ಕರೆದುಕೊಂಡು ಹೋಗುವ ಕೆಲಸ ಸಿಕ್ಕಿದರೆ ಗಾಡಿಯ ಕಂತು ಅದರಲ್ಲೇ ಹುಟ್ಟುತ್ತದೆ.